ವೀಸಾದವರು ನಿಲ್ಲಿಸಿದ ದೇವರು

ದೇವರ ಮೂರ್ತಿಯನ್ನು ಪೀಠಕ್ಕೆ ಅಂಟಿಸುವ ಅಷ್ಟಬಂಧ ಕುಟ್ಟುವುದನ್ನು ಹತ್ತಿರದಿಂದ ನೋಡಿದವರು ಹೆಚ್ಚಿಲ್ಲ. ನಮ್ಮ ಪುತ್ತೂರು, ಸುಳ್ಯದ ಕಡೆ ಬ್ರಹ್ಮಕಲಶ ಅಂದರೆ ಕಣ್ಣಿಗೆ ಬರುವುದು ಹೊರೆಕಾಣಿಕೆಯ ಮೆರವಣಿಗೆ, ತಗಡಿನ ಚಪ್ಪರ, ಮುಗಿಯದ ಊಟದ ಪಂಕ್ತಿ, ರಾತ್ರಿಯ ಯಕ್ಷಗಾನ. ಗರ್ಭಗುಡಿಯ ಒಳಗಿನದ್ದು ತಂತ್ರಿಗಳಿಗೂ ಶಿಲ್ಪಿಗಳಿಗೂ ಬಿಟ್ಟದ್ದು. ನಾವು ಹೊರಗೆ ನಿಂತು ಗಂಟೆಯ ಸದ್ದು ಕೇಳಿ ಕೈ ಮುಗಿಯುವವರು. ಬಾಸ್ಟನ್ ಹತ್ತಿರದ ಈ ಸಣ್ಣ ಊರಿನಲ್ಲಿ ಹಾಗಲ್ಲ, ಇಲ್ಲಿ ಕೆಲಸಕ್ಕೆ ಕೈ ಸಾಲದು. ಪ್ರತಿಷ್ಠೆಯ ವಾರ ಆಫೀಸು ಮುಗಿಸಿ ನೇರ ದೇವಸ್ಥಾನಕ್ಕೆ ಹೋದವರಿಗೆಲ್ಲ ಒಂದೊಂದು ಮರದ ಕೊಡತಿ ಸಿಕ್ಕಿತು.

ಅರಗು, ರಾಳ, ಜೇನುಮೇಣ, ಕಾವಿಮಣ್ಣು, ಬೆಣ್ಣೆ, ಹೀಗೆ ಎಂಟು ದ್ರವ್ಯ ಸೇರಿಸಿ ಮಾಡುವ ಅಂಟು ಅದು. ತಣ್ಣಗಿದ್ದಾಗ ಹೊಡೆದರೆ ಪೆಟ್ಟು ಮಣಿಕಟ್ಟಿಗೇ ವಾಪಸು ಬರುತ್ತದೆ. ಕುಟ್ಟುತ್ತ ಕುಟ್ಟುತ್ತ ಒಳಗೇ ಕಾವು ಹುಟ್ಟಿ, ಎಳೆದರೆ ಎಳೆ ಬರುವ ಹದಕ್ಕೆ ತಿರುಗುತ್ತದೆ. ಕೈ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಹಾಗಾಗಿ ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಕೂರಬೇಕು. ಮಹಾಬಲಿಪುರದ ಕಡೆಯ ಶಿಲ್ಪಿಯೊಬ್ಬರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಆಗಾಗ ಒಂದು ಚೂರು ಕಿತ್ತು ಹೆಬ್ಬೆರಳಲ್ಲಿ ಹಿಸುಕಿ ನೋಡಿ, ಆಗಲಿಲ್ಲ ಎಂದು ತಲೆಯಾಡಿಸುತ್ತಿದ್ದರು. ಕೊನೆಗೊಮ್ಮೆ ಒಪ್ಪಿದರು. ಉಂಡೆಯನ್ನು ಅಂಗೈಯಲ್ಲಿ ಹೊಸೆದು ಹಗ್ಗ ಮಾಡಿ, ಗಣಪತಿಯ ಪಾದಕ್ಕೂ ಪೀಠಕ್ಕೂ ನಡುವಿನ ಸಂದಿನಲ್ಲಿ ಸುತ್ತಲೂ ಒತ್ತುತ್ತ ಬಂದರು. ಒತ್ತಿದ ಕಡೆಯೆಲ್ಲ ಅವರ ಹೆಬ್ಬೆರಳ ಗುರುತು ಬಿತ್ತು. ರಾಳ ಮತ್ತು ಮೇಣದ ವಾಸನೆ ನನ್ನ ಅಂಗಿಯಿಂದ ಎರಡು ಒಗೆತಕ್ಕೂ ಹೋಗಲಿಲ್ಲ.

ಅಷ್ಟಬಂಧ ಕೂತಿತೆಂದರೆ ಮೂರ್ತಿ ಅಚಲ. ಆಮೇಲೆ ಅದನ್ನು ಎತ್ತುವ ಹಾಗಿಲ್ಲ, ಇನ್ನೊಂದು ಕೋಣೆಗೆ ಸಾಗಿಸುವ ಹಾಗಿಲ್ಲ. ಸುಮಾರು 12 ವರ್ಷಕ್ಕೊಮ್ಮೆ ಬಂಧ ಸಡಿಲವಾದಾಗ ಮತ್ತೆ ಕುಟ್ಟಿ, ಮತ್ತೆ ಕಲಶ ಮಾಡಬೇಕು. ಅಲ್ಲಿಯವರೆಗೆ ದಿನವೂ ಪೂಜೆ, ದಿನವೂ ನೈವೇದ್ಯ, ತಪ್ಪುವಂತಿಲ್ಲ. ಪ್ರತಿಷ್ಠೆಯ ಹಬ್ಬ ಅಂದರೆ ನಾನು ಅಷ್ಟು ವರ್ಷ ಸಂಭ್ರಮ ಎಂದಷ್ಟೇ ತಿಳಿದುಕೊಂಡಿದ್ದೆ. ಈ ಊರಿನಲ್ಲಿ ಅದನ್ನು ಒಳಗಿನಿಂದ ಕಂಡ ಮೇಲೆ ಅನ್ನಿಸುವುದು, ಅದು ಒಂದು ಊರು ಒಟ್ಟಾಗಿ ಹೊರುವ ಹೊಣೆ. ಅದನ್ನು ಹೊತ್ತವರಲ್ಲಿ ಅರ್ಧಕ್ಕರ್ಧ ಜನ ತಾವೇ ಈ ದೇಶದಲ್ಲಿ ಎಷ್ಟು ದಿನ ಇರುತ್ತೇವೆಂದು ಗೊತ್ತಿಲ್ಲದವರು. ಈ ಬರಹ ಅವರ ಬಗ್ಗೆ.

ಇದಕ್ಕೆ ಮುಂಚೆ ಇಲ್ಲಿ ನಮ್ಮ ದೇವರು ಚಲ. ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಪಂಚಲೋಹದ ಪುಟ್ಟ ಗಣಪತಿ. ಚೌತಿಗೆ ಶಾಲೆಯ ಕೆಫೆಟೇರಿಯಾ ಬಾಡಿಗೆಗೆ. ಬೆಳಿಗ್ಗೆ ಟೇಬಲ್ಲುಗಳನ್ನು ಮಡಚಿ ಗೋಡೆಗೆ ಒರಗಿಸಿ, ಪೂಜೆ, ಊಟ ಮುಗಿಸಿ, ಸಂಜೆ ನಾಲ್ಕರೊಳಗೆ ನೆಲ ಒರೆಸಿ ಬೀಗದ ಕೈ ವಾಪಸು ಕೊಡಬೇಕು. ಕೆಲವು ವರ್ಷ ಪಕ್ಕದ ಚರ್ಚಿನವರು ತಮ್ಮ ಹಾಲ್ ಬಿಟ್ಟುಕೊಟ್ಟರು, ಬಾಡಿಗೆಯನ್ನೂ ಕೇಳಲಿಲ್ಲ. ಮೂರ್ತಿ ಹೋಗುವುದು ಬರುವುದು ಯಾರದ್ದೋ ಕಾರಿನ ಹಿಂದಿನ ಸೀಟಿನಲ್ಲಿ, ರೇಷ್ಮೆ ಶಾಲು ಹೊದ್ದು, ಸೀಟ್ ಬೆಲ್ಟ್ ಕಟ್ಟಿಕೊಂಡು. ಮಕ್ಕಳು ಪಕ್ಕದಲ್ಲಿ ಕೂತು ತಿರುವಿನಲ್ಲಿ ಕೈ ಅಡ್ಡ ಹಿಡಿಯುತ್ತಿದ್ದರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ದೇವರೊಂದಿಗೆ ಮೊದಲ ಸಲಿಗೆ ಬೆಳೆದದ್ದು ಆ ಹಿಂದಿನ ಸೀಟಿನಲ್ಲೇ ಎಂದು ನಾನು ನಂಬಿದ್ದೇನೆ.

ಅಮೆರಿಕದ ಮೊದಲ ದೊಡ್ಡ ದೇವಸ್ಥಾನಗಳನ್ನು ಕಟ್ಟಿದವರ ಕಥೆ ಬೇರೆ. 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. 1946ರಲ್ಲಿ ಬಾಗಿಲು ಸ್ವಲ್ಪ ತೆರೆದಾಗಲೂ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದ ಮೇಲೆ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು, ಮೇಷ್ಟ್ರುಗಳು ಬರತೊಡಗಿದ್ದು. ಅವರಲ್ಲಿ ಬಹಳ ಜನಕ್ಕೆ ಕಾಯಂ ವಾಸದ ಪರವಾನಗಿ ಬೇಗ ಸಿಕ್ಕಿತು. ನಿಲ್ಲುವುದೋ ಹಿಂದಿರುಗುವುದೋ ಎಂಬ ಪ್ರಶ್ನೆ ಅವರ ಮನಸ್ಸಿನದ್ದಾಗಿತ್ತು, ಸರ್ಕಾರದ ಕಡತದ್ದಲ್ಲ.

ವಿಶ್ವಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ ಅಳಗಪ್ಪ ಅಳಗಪ್ಪನ್ ಮತ್ತವರ ಗೆಳೆಯರು 1970ರ ಜನವರಿ 26ರಂದು ನ್ಯೂಯಾರ್ಕಿನಲ್ಲಿ ದೇವಸ್ಥಾನದ ಸಂಘ ಕಟ್ಟಿದರು. ಕ್ವೀನ್ಸ್‌ನ ಫ್ಲಶಿಂಗ್ ಬಡಾವಣೆಯ ಬೌನ್ ರಸ್ತೆಯಲ್ಲಿ ಹಳೆಯ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಜಾಗ ಕೊಂಡರು. 1977ರ ಜುಲೈ 4ರಂದು ಅಲ್ಲಿ ಮಹಾವಲ್ಲಭ ಗಣಪತಿಯ ಪ್ರತಿಷ್ಠೆಯಾಯಿತು. ಅದೇ ವರ್ಷ ಪಿಟ್ಸ್‌ಬರ್ಗಿನ ಪೆನ್ ಹಿಲ್ಸ್ ಗುಡ್ಡದ ಮೇಲೆ, ತಿರುಪತಿ ದೇವಸ್ಥಾನದವರ ನೆರವಿನಿಂದ ಕಟ್ಟಿದ ವೆಂಕಟೇಶ್ವರ ಗುಡಿಯೂ ಬಾಗಿಲು ತೆರೆಯಿತು.

ಬೌನ್ ರಸ್ತೆಗೆ ಹೋದಾಗಲೆಲ್ಲ ನಾನು ದೇವಸ್ಥಾನದಿಂದ ಹೊರಬಿದ್ದು ಆ ರಸ್ತೆಯಲ್ಲೇ ಉತ್ತರಕ್ಕೆ ನಡೆಯುತ್ತೇನೆ. ರಸ್ತೆಗೆ ಹೆಸರು ಕೊಟ್ಟ ಜಾನ್ ಬೌನ್ ಎಂಬವನ ಹಳೇ ಮರದ ಮನೆ ಇನ್ನೂ ಅಲ್ಲಿದೆ. ಆಗ ಅದು ಡಚ್ಚರ ವಸಾಹತು. ಕ್ರೈಸ್ತರ ಕ್ವೇಕರ್ ಪಂಗಡದವರು ಸೇರಿ ಪ್ರಾರ್ಥನೆ ಮಾಡಬಾರದು ಎಂದು ಗವರ್ನರ್ ಪೀಟರ್ ಸ್ಟೈವೆಸಂಟ್ ಹುಕುಂ ಹೊರಡಿಸಿದ್ದ. 1657ರಲ್ಲಿ ಫ್ಲಶಿಂಗಿನ 30 ಜನ, ಸ್ವತಃ ಕ್ವೇಕರರಲ್ಲದವರು, ಇದು ತಪ್ಪು ಎಂದು ಬರೆದು ಸಹಿ ಹಾಕಿದರು. 1662ರಲ್ಲಿ ಬೌನ್ ತನ್ನ ಮನೆಯಲ್ಲೇ ಕ್ವೇಕರರಿಗೆ ಜಾಗ ಕೊಟ್ಟು ಸೆರೆಗೆ ಬಿದ್ದ, ಗಡಿಪಾರಾದ. ಹಾಲೆಂಡಿಗೆ ಹೋಗಿ, ವಸಾಹತು ನಡೆಸುತ್ತಿದ್ದ ಡಚ್ ಕಂಪನಿಯ ಧಣಿಗಳ ಮುಂದೆ ವಾದಿಸಿ ಗೆದ್ದು ಬಂದ. ಬೇರೆಯವರ ಪ್ರಾರ್ಥನೆಗಾಗಿ ಸಹಿ ಹಾಕಿದ ಊರು ಅದು. ಅಲ್ಲೇ ನಮ್ಮ ಗಣಪತಿ ಮೊದಲು ನೆಲೆ ನಿಂತದ್ದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಜುಲೈ 4 ಯಾಕೆ ಎಂದು ಕೇಳುವವರಿಗೆ ಇಲ್ಲಿನವರು ಮೊದಲು ಕೊಡುವ ಉತ್ತರ ಸರಳ: ಅಮೆರಿಕದ ಸ್ವಾತಂತ್ರ್ಯ ದಿನದ ರಜೆ. ಊರಿನಲ್ಲಿ ಜೋಯಿಸರು ಮುಹೂರ್ತ ಇಟ್ಟರೆ ಊರು ಕೆಲಸ ಬಿಟ್ಟು ಬರುತ್ತದೆ. ಇಲ್ಲಿ ಪಂಚಾಂಗ, ಶಾಲೆಯ ಕ್ಯಾಲೆಂಡರು, ಹವಾಮಾನ ಮೂರೂ ಒಪ್ಪಬೇಕು. ನವೆಂಬರಿನಿಂದ ಮಾರ್ಚಿನವರೆಗೆ ಹೊರಗೆ ಚಪ್ಪರ ಹಾಕುವಂತಿಲ್ಲ. ಹಿಮ ಬಿದ್ದರೆ ಗೋಪುರದ ಗಾರೆ ಕೆಲಸವೂ ನಿಂತುಹೋಗುತ್ತದೆ, ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದರೆ ಬಿರುಕು ಖಚಿತ. ಹಾಗಾಗಿ ಉತ್ತರದ ರಾಜ್ಯಗಳ ಕುಂಭಾಭಿಷೇಕಗಳು, ನಮ್ಮ ಕಡೆ ಬ್ರಹ್ಮಕಲಶ ಎನ್ನುವುದು, ಬೇಸಿಗೆಯ ಉದ್ದ ವಾರಾಂತ್ಯಗಳಿಗೆ ಬಂದು ಸೇರುತ್ತವೆ. ನಮ್ಮದು ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಬಂತು.

ಅದಕ್ಕೆ ಮುಂಚಿನ ವರ್ಷಗಳು ಯೋಜನಾ ಮಂಡಳಿಯ ಮುಂದೆ ಹೋದವು. ಇಲ್ಲಿ ಪೂಜಾಸ್ಥಳಕ್ಕೆ ಎಷ್ಟು ಕಾರು ನಿಲ್ಲಲು ಜಾಗ ಬೇಕು ಎಂಬುದನ್ನು ಆಸನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಆಸನವೇ ಇಲ್ಲ. ನೆಲದ ಮೇಲೆ ಕೂರುತ್ತೇವೆ, ಪ್ರದಕ್ಷಿಣೆ ಬರುತ್ತೇವೆ, ಒಬ್ಬರು ಬಂದರೆ ಒಬ್ಬರು ಹೋಗುತ್ತಾರೆ ಎಂದು ವಿವರಿಸಬೇಕಾಯಿತು. ನೆರೆಯವರ ಪ್ರಶ್ನೆಗಳಲ್ಲಿ ಕೆಲವು ಟ್ರಾಫಿಕ್ಕಿನ ಬಗ್ಗೆ, ಕೆಲವು ಟ್ರಾಫಿಕ್ಕಿನ ಹೆಸರಿನಲ್ಲಿ ಬೇರೆಯದರ ಬಗ್ಗೆ. ಧಾರ್ಮಿಕ ಕಟ್ಟಡಗಳಿಗೆ ಅನ್ಯಾಯವಾಗದಂತೆ ಕಾಯುವ 2000ದ ಕಾಯ್ದೆಯೊಂದು ಇದೆ. ಅದರ ಪ್ರತಿಯನ್ನು ನಮ್ಮ ವಕೀಲರು ಯಾವಾಗಲೂ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು, ತೆಗೆಯುವ ಸಂದರ್ಭ ಬರಲಿಲ್ಲ. ಮೂರನೇ ಸಭೆಯ ಹೊತ್ತಿಗೆ ವಿರೋಧಿಸಿದವರಲ್ಲೇ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತು, ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತೀರಿ ಎಂದು ಕೇಳಿ, ಸಮಯ ಬರೆದುಕೊಂಡು ಹೋದರು. ಪ್ರತಿಷ್ಠೆಯ ದಿನ ಮೊದಲು ಬಂದವರಲ್ಲಿ ಅವರೂ ಇದ್ದರು.

ಯಾಗಶಾಲೆ ಎದ್ದದ್ದು ಪಾರ್ಕಿಂಗ್ ಜಾಗದಲ್ಲಿ. ಡಾಂಬರಿನ ಮೇಲೆ ಮರಳು ಹಾಸಿ, ಅದರ ಮೇಲೆ ಇಟ್ಟಿಗೆಯ ಹೋಮಕುಂಡಗಳು, ಚೌಕ, ವೃತ್ತ, ಅರ್ಧಚಂದ್ರ, ತ್ರಿಕೋನ. ಅಗ್ನಿಶಾಮಕ ಇಲಾಖೆಯ ಅಧಿಕಾರಿ ಬಂದು ಡೇರೆಯ ಎತ್ತರ, ಹೊಗೆ ಹೋಗುವ ದಾರಿ, ಬಟ್ಟೆಗೆ ಬೆಂಕಿ ತಾಗದ ಪ್ರಮಾಣಪತ್ರ ಎಲ್ಲ ನೋಡಿದರು. ಪ್ರತಿ ಕುಂಡದ ಬಳಿ ಕೆಂಪು ಸಿಲಿಂಡರ್ ಇಡಿಸಿದರು. ಆಮೇಲೆ ಹೊರಡದೆ, ತುಪ್ಪ ಎಷ್ಟು ಹಾಕುತ್ತೀರಿ, ಯಾವ ಕಟ್ಟಿಗೆ, ಎಂದು ಕುತೂಹಲದಿಂದಲೇ ಕೇಳುತ್ತ ನಿಂತರು. ಭಾರತದಿಂದ ಮಣ್ಣು ತರುವಂತಿಲ್ಲ, ಹಸಿ ಎಲೆ, ಬೀಜಗಳಿಗೆ ವಿಮಾನ ನಿಲ್ದಾಣದಲ್ಲಿ ತಡೆ. ಹಾಗಾಗಿ ಮೃತ್ಸಂಗ್ರಹಣಕ್ಕೆ ಇಲ್ಲಿನದೇ ಮಣ್ಣು. ದೇವಸ್ಥಾನದ ಹಿಂದಿನ ಓಕ್ ಮರದ ಬುಡದಲ್ಲಿ ಮಣ್ಣು ಅಗೆದು, ಪೂಜೆ ಮಾಡಿ, ಪಾಲಿಕೆ ಎಂಬ ಪಾತ್ರೆಗಳಲ್ಲಿ ತುಂಬಿ ನವಧಾನ್ಯ ಬಿತ್ತಿದರು. ಅಂಕುರಾರ್ಪಣದ ಮೊಳಕೆ ನೋಡಿ ಶುಭಾಶುಭ ಹೇಳುವ ಕ್ರಮ ಇದೆಯಲ್ಲ. ಎರಡು ದಿನ ಚಳಿಯಿತ್ತು, ಎಲ್ಲರಿಗೂ ಅಳುಕು. ಮೂರನೇ ಬೆಳಿಗ್ಗೆ ಹೆಸರುಕಾಳು ಮೊದಲು ತಲೆ ಎತ್ತಿತು.

ಅಮ್ಮ ಆ ವರ್ಷ ಇಲ್ಲಿಗೆ ಬಂದಿದ್ದರು. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆ ಕೂಡುವ ಕಡೆಯಿಂದ ಒಂದು ಬಾಟಲಿ ನೀರನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದರು. ಕಲಶಕ್ಕೆ ಗಂಗೆ, ಕಾವೇರಿಯ ಜತೆ ಅದೂ ಸೇರಿತು. ಜತೆಗೆ ಇಲ್ಲಿನ ಚಾರ್ಲ್ಸ್ ನದಿಯದು, ಮೆರಿಮ್ಯಾಕ್ ನದಿಯದು. ಇದು ನಾವು ಹೊಸದಾಗಿ ಮಾಡಿದ್ದಲ್ಲ. ಬಾಸ್ಟನ್ ಮ್ಯಾರಥಾನ್ ಓಡುವ ದಾರಿಯಲ್ಲೇ ಇರುವ ಆಶ್‌ಲ್ಯಾಂಡಿನ ಶ್ರೀಲಕ್ಷ್ಮಿ ದೇವಸ್ಥಾನದ 1990ರ ಕುಂಭಾಭಿಷೇಕದಲ್ಲಿ ಗಂಗೆಯ ನೀರಿಗೆ ಮಿಸಿಸಿಪ್ಪಿ, ಕೊಲರಾಡೊ, ಮೆರಿಮ್ಯಾಕ್ ನದಿಗಳ ನೀರು ಬೆರೆಸಿದ್ದರು. ಪಿಟ್ಸ್‌ಬರ್ಗಿನವರು ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಅಲಿಗೇನಿ, ಮೊನೊಂಗಹೀಲಾ ನದಿಗಳು ಕೂಡುವ ಕಡೆ ನೆಲದಡಿಯಲ್ಲೂ ಒಂದು ಹರಿವು ಇದೆ, ಸರಸ್ವತಿಯ ಹಾಗೆ, ಆದ್ದರಿಂದ ತಮ್ಮದೂ ತ್ರಿವೇಣಿ ಸಂಗಮ ಎಂದು ನಂಬಿದರು.

ಅಮ್ಮನಿಗೆ ನೀರಿನ ವಿಷಯ ಒಪ್ಪಿಗೆಯಾಯಿತು. ಅವರ ಕಿವಿ ಹಿಡಿದದ್ದು ಸಂಕಲ್ಪ. ನಮ್ಮ ಅರ್ಚಕರು ಕುಂದಾಪುರದ ಕಡೆಯವರು. ಮಧ್ಯಾಹ್ನ ಅವರು ಕಾಫಿ ಕುಡಿಯಲು ಕೂತಾಗ ಅಮ್ಮ ಕೇಳಿಯೇ ಬಿಟ್ಟರು.

"ಎಂತ ಭಟ್ರೆ, ಜಂಬೂದ್ವೀಪೇ ಭರತವರ್ಷೇ ಅಂತ ಹೇಳಿದ್ದು ಕೇಳ್ಲೇ ಇಲ್ಲ ನಂಗೆ?"

"ಇದು ಜಂಬೂದ್ವೀಪ ಅಲ್ಲ ಅಮ್ಮ. ಇಲ್ಲಿ ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ. ಈ ದೇಶದಲ್ಲಿ ಸುಮಾರು ದೇವಸ್ಥಾನದಲ್ಲಿ ಹಾಗೇ ಹೇಳುದು."

"ಹಾಗಾದ್ರೆ ಗಂಗೆ ಗೋದಾವರಿ ಇಲ್ಲಿಗೆ ಬರ್ತಾರಾ?"

"ಕರೆದ್ರೆ ಬರ್ತಾರೆ. ನೀವು ಬರ್ಲಿಲ್ವಾ?"

ಅಮ್ಮ ನಕ್ಕರು, ಆದರೆ ಆ ಮಾತು ಅವರಿಗೆ ಹಿಡಿಸಿತು. ಸಂಕಲ್ಪ ಮಾಡುವವನು ತಾನು ಎಲ್ಲಿ ಕೂತಿದ್ದೇನೆ, ಯಾವ ಹೊತ್ತಿನಲ್ಲಿ ಕೂತಿದ್ದೇನೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಸುಳ್ಳು ವಿಳಾಸ ಕೊಟ್ಟು ದೇವರನ್ನು ಕರೆಯುವಂತಿಲ್ಲ. ಊರಿನ ಮೇಲಿನ ಪ್ರೀತಿಯಿಂದ ಈ ನೆಲವನ್ನು ಬರೀ ತಂಗುದಾಣ ಎಂದುಕೊಂಡೇ ದಶಕಗಳನ್ನು ಕಳೆದವರು ನಮ್ಮಲ್ಲಿ ಬಹಳ ಇದ್ದಾರೆ. ಆ ಮೂರು ದಿನ ಅವರ ಬಾಯಲ್ಲೂ ಭಟ್ಟರು ಈ ನೆಲದ ಹೆಸರನ್ನೇ ಹೇಳಿಸಿದರು.

ಹೊರೆಕಾಣಿಕೆ ಬೇಕೇ ಬೇಕು ಎಂದು ಕರಾವಳಿಯ ನಾಲ್ಕು ಮನೆಯವರು ಪಟ್ಟು ಹಿಡಿದೆವು. ಕಮಿಟಿಯಲ್ಲಿ ತೆಲುಗರು, ತಮಿಳರು, ಗುಜರಾತಿಗಳು ಹೆಚ್ಚು. ಅವರಿಗೆ ಹೊರೆಕಾಣಿಕೆಯ ಕ್ರಮ ಗೊತ್ತಿರಲಿಲ್ಲ. ಹಬ್ಬದ ಅಡುಗೆಗೆ ಬೇಕಾದ್ದನ್ನು ಊರಿಗೆ ಊರೇ ಮೆರವಣಿಗೆಯಲ್ಲಿ ತಂದು ಒಪ್ಪಿಸುವುದು ಎಂದು ವಿವರಿಸಿದಾಗ ಒಬ್ಬ ತೆಲುಗು ಅಂಕಲ್, "ಕೇಟರಿಂಗ್ ಖರ್ಚು ಉಳಿಯಿತಲ್ಲ" ಎಂದು ಖುಷಿಯಾದರು. ಶುಕ್ರವಾರ ಸಂಜೆ ಕಾರುಗಳು ಸಾಲಾಗಿ ಬಂದವು. ಡಿಕ್ಕಿ ತೆಗೆದರೆ ಸೋನಾ ಮಸೂರಿ ಅಕ್ಕಿಯ ಮೂಟೆ, ತೊಗರಿಬೇಳೆ, ತೆಂಗಿನಕಾಯಿ, ಬೆಲ್ಲ, ತುಪ್ಪದ ಡಬ್ಬ, ಯಾರೋ ಹಿತ್ತಿಲಲ್ಲಿ ಬೆಳೆದ ಸೊಪ್ಪು. ಒಂದು ಅಮೆರಿಕನ್ ಮನೆಯವರು ಸೇಬಿನ ಬುಟ್ಟಿ ತಂದರು. ಚೆಂಡೆ ಇರಲಿಲ್ಲ, ಪಂಜಾಬಿ ಹುಡುಗನೊಬ್ಬ ಢೋಲು ಬಾರಿಸಿದ. ಅಡುಗೆಮನೆಯಲ್ಲಿ ಬಿಸಿಬೇಳೆಬಾತ್, ಪುಳಿಹೋರ, ಖಿಚಡಿಗಳ ನಡುವೆ ಯಾವುದು ಮೊದಲ ದಿನ ಎಂಬ ಚರ್ಚೆ ಸ್ವಲ್ಪ ಬಿಸಿಯಾಗಿಯೇ ನಡೆಯಿತು. ಎಲ್ಲವೂ ಎಲ್ಲ ದಿನವೂ ಆಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಕುಂಭಗಳಿಗೆ ದರಪಟ್ಟಿ ಹಾಕಿದ್ದರು: ಪ್ರಧಾನ ಕುಂಭ ಹೊರಲು ಇಷ್ಟು ಡಾಲರ್, ಶಿಖರದ ಕಲಶಕ್ಕೆ ಇಷ್ಟು, ಪರಿವಾರ ದೇವರಿಗೆ ಇಷ್ಟು. ಬ್ಯಾಂಕಿನ ಸಾಲ ಇದೆ, ದುಡ್ಡು ಬರಬೇಕು, ಅದೆಲ್ಲ ನನಗೆ ಅರ್ಥವಾಗುತ್ತದೆ. ಆದರೂ ಅದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಶಾಸ್ತ್ರದಲ್ಲಿ ಯಜಮಾನ ಎಂಬ ಸ್ಥಾನ ಒಂದು ಕಾಲಕ್ಕೆ ಅರಸನದ್ದಾಗಿತ್ತು, ಆಮೇಲೆ ಊರ ಗುತ್ತಿನ ಮನೆಯವರದ್ದು. ಸಾಗರ ದಾಟಿ ಬಂದ ಮೇಲೂ ಆ ಜಾಗವನ್ನು ದೊಡ್ಡ ಚೆಕ್ಕಿಗೆ ಬಿಟ್ಟುಕೊಡಬೇಕೇ? ಸಭೆಯಲ್ಲಿ ಇದನ್ನೇ ಹೇಳಿದೆ, ಇನ್ನೂ ಕೆಲವರು ದನಿಗೂಡಿಸಿದರು. ಕೊನೆಗೆ ಶಿಖರದ ಕುಂಭಗಳಲ್ಲಿ ಒಂದಿಷ್ಟನ್ನು ದರಪಟ್ಟಿಯಿಂದ ತೆಗೆದು, ಪಾತ್ರೆ ತೊಳೆದವರು, ಡಾಂಬರಿನ ಮೇಲೆ ಮರಳು ಹೊತ್ತವರು, ಇವರ ಹೆಸರು ಬರೆದು ಚೀಟಿ ಎತ್ತಿದರು.

ಶಿಲ್ಪಿಗಳ ವಿಷಯದಲ್ಲಂತೂ ನಾವೆಲ್ಲ ಇನ್ನೂ ಕಲಿಯಬೇಕಾದದ್ದು ಇದೆ. ವರ್ಷಕ್ಕಿಂತ ಹೆಚ್ಚು ಕಾಲ ಅವರು ಬಾಡಿಗೆ ಮನೆಯೊಂದರಲ್ಲಿ ಇದ್ದು, ತಮ್ಮ ಅಡುಗೆ ತಾವೇ ಮಾಡಿಕೊಂಡು, ಕೊರೆಯುವ ಚಳಿಯಲ್ಲಿ ಒಳಗಿನ ಕಂಬಗಳನ್ನೂ ಬೇಸಿಗೆಯಲ್ಲಿ ವಿಮಾನದ, ಎಂದರೆ ಗರ್ಭಗುಡಿಯ ಮೇಲಿನ ಗೋಪುರದ, ಗಾರೆಯನ್ನೂ ಮುಗಿಸಿದವರು. ನೇತ್ರೋನ್ಮೀಲನದಲ್ಲಿ ಚಿನ್ನದ ಸೂಜಿಯಿಂದ ಮೂರ್ತಿಯ ಕಣ್ಣಿನ ಗೆರೆ ಬಿಡಿಸುವ ಹಕ್ಕು ಮುಖ್ಯ ಶಿಲ್ಪಿಯಾದ ಸ್ಥಪತಿಯದ್ದು. ಪರದೆಯ ಹಿಂದೆ ಆ ಕೆಲಸ ಮುಗಿಸಿ, ದಕ್ಷಿಣೆ ತೆಗೆದುಕೊಂಡು ಅವರು ಹೊರಬಂದರೆ, ಆಮೇಲೆ ಆ ಮೂರ್ತಿಯನ್ನು ಅವರು ಮುಟ್ಟುವಂತಿಲ್ಲ. ಅಷ್ಟಬಂಧಕ್ಕೆ ಹೆಬ್ಬೆರಳು ಒತ್ತಿದ ಅದೇ ಶಿಲ್ಪಿ, ಪ್ರತಿಷ್ಠೆಯ ಮರುದಿನ ಸಾಲಿನಲ್ಲಿ ನಮ್ಮ ಹಾಗೆ ನಿಂತು ಮಂಗಳಾರತಿ ತೆಗೆದುಕೊಂಡರು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ್ದು ಭಾಷಣಗಳೆಲ್ಲ ಮುಗಿದು, ಜನ ಊಟಕ್ಕೆ ಎದ್ದ ಮೇಲೆ. ಮುಂದಿನ ಸಲ ಅದು ಮೊದಲು ಆಗಬೇಕು.

ಕಣ್ಣು ತೆರೆದ ದೇವರು ಮೊದಲು ನೋಡಬೇಕಾದದ್ದು ಕನ್ನಡಿ, ಕರುವಿನೊಂದಿಗೆ ಹಸು, ಧಾನ್ಯದ ರಾಶಿ, ಕನ್ಯೆಯರು. ಹತ್ತಿರದ ಡೈರಿ ಫಾರ್ಮಿನ ರೈತರು ಒಂದು ಕಪ್ಪು ಬಿಳುಪು ಹಸುವನ್ನೂ ಕರುವನ್ನೂ ಟ್ರೇಲರಿನಲ್ಲಿ ತಂದಿದ್ದರು. ಬೂಟು ಬಿಚ್ಚಬೇಕು ಎಂದು ಯಾರೂ ಹೇಳದೆ ತಾವೇ ಬಿಚ್ಚಿ, ಕಾಲುಚೀಲದಲ್ಲಿ ನಿಂತು, ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಗ್ಗ ಹಿಡಿದಿದ್ದರು. ಹಸುವಿಗೆ ಅರಿಶಿನ ಕುಂಕುಮ ಹಚ್ಚುವಾಗ ಅದು ತಲೆ ಕೊಡವಿತು. ಅವರು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳಿದರು, ಸುಮ್ಮನಾಯಿತು. ಈಗ ಪ್ರತಿ ಗೋಪೂಜೆಗೂ ಅವರೇ ಬರುತ್ತಾರೆ.

ಭಾನುವಾರ ಬೆಳಿಗ್ಗೆ ಪೂರ್ಣಾಹುತಿಯಾಗಿ ಕುಂಭಗಳು ಎದ್ದವು. ನಮ್ಮ ವಿಮಾನಕ್ಕೆ ಹತ್ತಲು ಒಳಗಿಂದ ಮೆಟ್ಟಿಲಿಲ್ಲ. ಕಟ್ಟಡ ಕಟ್ಟುವವರು ಬಳಸುವ ಎತ್ತುಯಂತ್ರ ತರಿಸಿದ್ದರು. ಪಂಚೆಯ ಮೇಲೆ ಸುರಕ್ಷಾ ಬೆಲ್ಟ್ ಬಿಗಿದು, ತಲೆಯ ಮೇಲಿನ ಕುಂಭವನ್ನು ಎರಡೂ ಕೈಯಲ್ಲಿ ಹಿಡಿದು ಭಟ್ಟರು ತೊಟ್ಟಿಯೊಳಗೆ ನಿಂತರು. ಅವರ ಹಿಂದೆ, ಚೀಟಿಯಲ್ಲಿ ಹೆಸರು ಬಂದ ನಮ್ಮ ಗೆಳೆಯ ಇನ್ನೊಂದು ಕುಂಭ ಹಿಡಿದು ಹತ್ತಿದ. ಹಾಸನದ ಕಡೆಯ ಹುಡುಗ, ಹುಡುಗ ಎಂದರೂ ನಲವತ್ತು ದಾಟಿದೆ. ಮೇಲೆ ಹೋದ ಮೇಲೆ ಮಂತ್ರದ ಮಧ್ಯೆ ಅವನು ಒಮ್ಮೆ ಕೆಳಗೆ ನೋಡಿದ್ದು ನೆನಪಿದೆ. ಹೆಂಡತಿ ಮಕ್ಕಳು ಎಲ್ಲಿದ್ದಾರೆಂದು ಹುಡುಕುತ್ತಿದ್ದ. ನೀರು ಕಲಶದ ಮೇಲಿಂದ ಇಳಿದು ಬಂದಾಗ ಕೆಳಗಿದ್ದ ಅಷ್ಟೂ ಜನ ಮುಖ ಮೇಲೆತ್ತಿದೆವು.

ಅವನು ಕೆಲಸದ ಮೇಲೆ ಸಿಗುವ ಎಚ್-1ಬಿ ವೀಸಾದವನು. ಕಾಯಂ ವಾಸದ ಗ್ರೀನ್ ಕಾರ್ಡಿನ ಅರ್ಜಿ ಒಪ್ಪಿಗೆಯಾಗಿ ವರ್ಷಗಳು ಕಳೆದಿವೆ, ಕಾರ್ಡು ಬಂದಿಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿ ಇದೆ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಅದಕ್ಕೇ ನಮ್ಮವರ ಸಾಲು ದಶಕಗಳ ಉದ್ದ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ, ಇಲ್ಲವಾದರೆ ಹೊರಡಬೇಕು.

ಪ್ರತಿಷ್ಠೆ ಮುಗಿದ ಮರುವಾರ ಅವನ ಕೆಲಸ ಹೋಯಿತು.

ಕುಂಭಾಭಿಷೇಕದ ನಂತರ 48 ದಿನ ಮಂಡಲಾಭಿಷೇಕ ನಡೆಯುತ್ತದೆ, ಗೊತ್ತಲ್ಲ. ಹೊಸದಾಗಿ ನೆಲೆಗೊಂಡ ದೇವರಿಗೆ ಆ ದಿನಗಳಲ್ಲಿ ನಿತ್ಯ ಅಭಿಷೇಕ ತಪ್ಪಬಾರದು. ಕೊನೆಗೆ ನಮ್ಮ ಕಡೆಯ ಕ್ರಮದಲ್ಲಿ ದೃಢಕಲಶ. ಅವನ 60 ದಿನ ಮತ್ತು ದೇವರ 48 ದಿನ ಒಟ್ಟಿಗೇ ಓಡತೊಡಗಿದವು. ಬೆಳಿಗ್ಗೆ ಅಭಿಷೇಕಕ್ಕೆ ನೀರು ಸೇದಿಕೊಡುವುದು, ಹಾಲು ತರುವುದು, ಒರೆಸುವುದು ಅವನದೇ ಕೆಲಸವಾಯಿತು. ಅದು ಮುಗಿಸಿ ಪಾರ್ಕಿಂಗಿನಲ್ಲಿ ಕಾರಿನೊಳಗೇ ಕೂತು ಫೋನಿನಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದ. ನಾವು ಯಾರೂ ಅವನಿಗೆ ದೇವರಿದ್ದಾನೆ ಬಿಡು ಎಂದು ಹೇಳಲಿಲ್ಲ. ರೆಸ್ಯೂಮೆ ಕಳಿಸಿದೆವು, ಗೊತ್ತಿದ್ದವರಿಗೆ ಫೋನ್ ಮಾಡಿದೆವು. ದೃಢಕಲಶದ ದಿನವೂ ಬಂದಿದ್ದ, ಪಂಚೆ ಉಟ್ಟು, ಮಕ್ಕಳನ್ನು ಕರೆದುಕೊಂಡು. ಕೆಲಸ ಸಿಗಲಿಲ್ಲ. ಮನೆಯ ಸಾಮಾನು ಮಾರಿ, ಕಾರು ಮಾರಿ, ಬೆಂಗಳೂರಿಗೆ ಹೋದರು. ಇಲ್ಲೇ ಹುಟ್ಟಿದ ಅವನ ಮಗಳು ಹೊರಡುವ ಮುಂಚೆ ಭಟ್ಟರ ಹತ್ತಿರ ಬಂದು, ಗಣಪತಿಯನ್ನೂ ಕರೆದುಕೊಂಡು ಹೋಗಬಹುದಾ ಎಂದು ಕೇಳಿದಳು. ಕಾರಿನ ಹಿಂದಿನ ಸೀಟಿನಲ್ಲಿ ಗಣಪತಿಯ ಪಕ್ಕ ಕೂತು ಬೆಳೆದವಳು. ಭಟ್ಟರು ಅವಳನ್ನು ಒಳಗೆ ಕರೆದು, ಉತ್ಸವಮೂರ್ತಿಯ ಕೊರಳಲ್ಲಿದ್ದ ಹಾರ ತೆಗೆದು ಕೊಟ್ಟರು.

ಇಂಥ ಬದುಕಿನ ಜನ ದೇವಸ್ಥಾನ ಕಟ್ಟುವುದು ಅಮೆರಿಕದಲ್ಲಿ ಮಾತ್ರ ಅಲ್ಲ. ಜರ್ಮನಿಯ ಹಾಮ್ ಊರಿನ ಕೈಗಾರಿಕಾ ಪ್ರದೇಶದಲ್ಲಿ 2002ರಲ್ಲಿ ಕುಂಭಾಭಿಷೇಕವಾದ ಕಾಮಾಕ್ಷಿ ಅಮ್ಮನ ದೇವಸ್ಥಾನವನ್ನು ಕಟ್ಟಿದವರು ಶ್ರೀಲಂಕಾದ ಯುದ್ಧದಿಂದ ಓಡಿ ಬಂದ ತಮಿಳರು. ನಿರಾಶ್ರಿತರಾಗಿ ಬಂದವರು 17 ಮೀಟರ್ ಎತ್ತರದ ಗೋಪುರ ಎತ್ತಿದರು. ವರ್ಷದ ಉತ್ಸವದಲ್ಲಿ ಅಮ್ಮನವರ ತೀರ್ಥಸ್ನಾನ ಪಕ್ಕದ ಕಾಲುವೆಯಲ್ಲೇ ಆಗುತ್ತದೆ. ನಿಲ್ಲುವುದು ಖಚಿತವಾದ ಮೇಲೆ ಕಟ್ಟೋಣ ಎಂದು ಕಾದಿದ್ದರೆ ಆ ಗೋಪುರ ಏಳುತ್ತಲೇ ಇರಲಿಲ್ಲ. ನಮ್ಮದೂ ಹಾಗೆಯೇ. ಹಾಸನದ ಗೆಳೆಯ ಹೋದ ಮೇಲೆ ಬೆಳಗಿನ ನೀರಿನ ಕೆಲಸ ಹೈದರಾಬಾದಿನ ಒಬ್ಬಳು ಹುಡುಗಿ ವಹಿಸಿಕೊಂಡಿದ್ದಾಳೆ. ಅವಳದು ಇನ್ನೂ ವಿದ್ಯಾರ್ಥಿ ವೀಸಾ.

ಭಟ್ಟರದ್ದೂ ಅದೇ ಕಥೆ. ಅರ್ಚಕರಿಗೆ ಕೊಡುವ ಆರ್-1 ವೀಸಾದ ಗರಿಷ್ಠ ಅವಧಿ ಐದು ವರ್ಷ. ಭಾರತದ ಕಾನೂನಿನಲ್ಲಿ ದೇವರಿಗೇ ಆಸ್ತಿ ಇರಬಹುದು, ಕೋರ್ಟಿಗೂ ಹೋಗಬಹುದು. ಇಲ್ಲಿ ಎಲ್ಲವೂ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿ, ಎಂದರೆ ನಮ್ಮ ಹೆಸರಿನಲ್ಲಿ. ಸಾಲದ ಕಂತು, ಹೀಟರಿನ ಬಿಲ್ಲು, ಬೆಳಗಿನ ನೈವೇದ್ಯ, ಎಲ್ಲದಕ್ಕೂ ನಾವೇ ಉತ್ತರ ಕೊಡಬೇಕು. ಹೋದ ಜನವರಿಯಲ್ಲಿ ಮೊಣಕಾಲು ಮುಳುಗುವಷ್ಟು ಹಿಮ ಬಿದ್ದ ಬೆಳಿಗ್ಗೆ ಭಟ್ಟರ ಮನೆಯಿಂದ ದೇವಸ್ಥಾನದ ಬಾಗಿಲವರೆಗೆ ದಾರಿ ಬಿಡಿಸಲು ಒಂಬತ್ತು ಜನ ಸನಿಕೆ ಹಿಡಿದು ಬಂದಿದ್ದರು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿತು. ಸಮಯ ಬರೆದುಕೊಂಡು ಹೋಗಿದ್ದ ಆ ಹೆಂಗಸು ಆಮೇಲೆ ಫೋನ್ ಮಾಡಿ, ಇವತ್ತು ಬಾರಿಸಲಿಕ್ಕಿಲ್ಲ ಅಂದುಕೊಂಡಿದ್ದೆ ಎಂದರು.

ಈ ಭಾನುವಾರ ಸಭೆ ಇದೆ. ಎರಡನೇ ಅರ್ಚಕರ ವೀಸಾ ಅರ್ಜಿ, ಚಳಿಗಾಲದ ಸನಿಕೆ ಸರದಿ, ಮುಂದಿನ ಕುಂಭಾಭಿಷೇಕಕ್ಕೆ ಈಗಿನಿಂದಲೇ ತೆಗೆದಿಡಬೇಕಾದ ನಿಧಿ, ಮೂರು ವಿಷಯ. ನಿಧಿಯ ಪಟ್ಟಿಯಲ್ಲಿ ಬೆಂಗಳೂರಿನಿಂದ ಒಂದು ಹೆಸರು ಬಂದಿದೆ, ತಿಂಗಳಿಗೆ ಸಣ್ಣ ಮೊತ್ತ. ಸರದಿಯಲ್ಲಿ ಗುರುವಾರ ಬೆಳಿಗ್ಗೆ ಇನ್ನೂ ಖಾಲಿ ಇದೆ. ಹತ್ತಿರದಲ್ಲಿದ್ದು ಇದನ್ನು ಓದುತ್ತಿರುವವರು ಹೆಸರು ಕೊಡಿ, ಸನಿಕೆ ದೇವಸ್ಥಾನದಲ್ಲೇ ಇದೆ.